ಉಪ್ಪು, ಹೂಳು, ಕಾವು: ಭೂಮಿಯ ವಯಸ್ಸನ್ನು ಮೊದಲು ಅಳೆದದ್ದು ಹೇಗೆ?

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಹೆಬ್ಬಂಡೆಯ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಫಲಕವೊಂದಿದೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಅದು ತಿಳಿಸುತ್ತದೆ. ಓದಿದವರ ಮನಸ್ಸಿನಲ್ಲಿ ತಕ್ಷಣ ಏಳುವ ಪ್ರಶ್ನೆ ಒಂದೇ: ಇದನ್ನು ಎಣಿಸಿದವರು ಯಾರು, ಎಣಿಸಿದ್ದು ಹೇಗೆ? ಯುರೇನಿಯಂ ಸೀಸವಾಗಿ ಬದಲಾಗುವ ವೇಗದಿಂದ ಎಂಬುದು ಇಂದಿನ ಉತ್ತರ. ಆದರೆ ಯುರೇನಿಯಂನ ಈ ಗುಣ ತಿಳಿಯುವುದಕ್ಕೆ ಬಹಳ ಮೊದಲೇ, ಸುತ್ತಿಗೆ, ಅಳತೆಪಟ್ಟಿ, ಉಷ್ಣಮಾಪಕ ಮತ್ತು ಒಂದು ಬಿಂದಿಗೆ ನದಿನೀರನ್ನಷ್ಟೇ ನೆಚ್ಚಿಕೊಂಡು ಭೂಮಿಯ ವಯಸ್ಸನ್ನು ಲೆಕ್ಕ ಹಾಕಲು ಹೊರಟವರಿದ್ದರು. ಅವರಿಗೆ ದೊರೆತ ಉತ್ತರಗಳು ಹಲವು ಸಾವಿರ ವರ್ಷಗಳಿಂದ ಹಲವು ಕೋಟಿ ವರ್ಷಗಳವರೆಗೆ ಹರಡಿಕೊಂಡಿದ್ದವು. ಆ ಲೆಕ್ಕಗಳು ಹೇಗಿದ್ದವು ಮತ್ತು ಎಲ್ಲಿ ತಪ್ಪಿದವು ಎಂಬುದನ್ನು ಇಲ್ಲಿ ನೋಡೋಣ.

ನಲ್ಲಿ ಮತ್ತು ತೊಟ್ಟಿ

ಮನೆಯ ತೊಟ್ಟಿಯಲ್ಲಿ 600 ಲೀಟರ್ ನೀರಿದೆ, ನಲ್ಲಿಯಿಂದ ನಿಮಿಷಕ್ಕೆ 10 ಲೀಟರ್ ಬೀಳುತ್ತಿದೆ ಎಂದುಕೊಳ್ಳಿ. ನಲ್ಲಿ ತೆರೆದು ಎಷ್ಟು ಹೊತ್ತಾಯಿತು ಎಂದು ಕೇಳಿದರೆ ಒಂದು ಗಂಟೆ ಎನ್ನುತ್ತೇವೆ. ಈ ಸರಳ ಭಾಗಾಕಾರದ ಹಿಂದೆ ನಾವು ಬಾಯಿಬಿಟ್ಟು ಹೇಳದ ಮೂರು ನಂಬಿಕೆಗಳಿವೆ. ತೊಟ್ಟಿ ಮೊದಲು ಖಾಲಿಯಿತ್ತು. ನಲ್ಲಿಯ ಧಾರೆ ಉದ್ದಕ್ಕೂ ಒಂದೇ ಸಮನಾಗಿತ್ತು. ತೊಟ್ಟಿ ಎಲ್ಲಿಯೂ ಸೋರುತ್ತಿರಲಿಲ್ಲ. ಇವುಗಳಲ್ಲಿ ಯಾವುದೊಂದು ಸುಳ್ಳಾದರೂ ಭಾಗಾಕಾರ ಸರಿಯಿದ್ದು ಉತ್ತರ ತಪ್ಪಾಗುತ್ತದೆ.

ಹಳೆಯ ಭೂವಿಜ್ಞಾನಿಗಳ ಬಹುತೇಕ ಎಲ್ಲ ಲೆಕ್ಕಗಳೂ ಇದೇ ತೊಟ್ಟಿಯ ಲೆಕ್ಕಗಳೇ. ಕೆಲವರಿಗೆ ತೊಟ್ಟಿಯೆಂದರೆ ಹೂಳಿನ ರಾಶಿ, ಕೆಲವರಿಗೆ ಕಡಲ ಉಪ್ಪು. ಭೂಮಿಯೊಳಗಿನ ಕಾವನ್ನು ಹಿಡಿದವರು ತುಂಬುವ ತೊಟ್ಟಿಯ ಬದಲು ಬರಿದಾಗುವ ತೊಟ್ಟಿಯನ್ನು ಅಳೆದರು.

ವಂಶಾವಳಿಯಿಂದ ಬಂಡೆಯ ಪದರಕ್ಕೆ

ಯುರೋಪಿನಲ್ಲಿ 17ನೆಯ ಶತಮಾನದವರೆಗೂ ಭೂಮಿಯ ವಯಸ್ಸು ಬಂಡೆಗೆ ಸಂಬಂಧಿಸಿದ ಪ್ರಶ್ನೆಯೇ ಆಗಿರಲಿಲ್ಲ. ಅದು ಗ್ರಂಥಗಳಿಗೆ ಸಂಬಂಧಿಸಿದ ಪ್ರಶ್ನೆಯಾಗಿತ್ತು. ಐರ್ಲೆಂಡಿನ ಆರ್ಮಾ ಪಟ್ಟಣದ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನೂ ಪ್ರಾಚೀನ ಅರಸರ ಆಳ್ವಿಕೆಯ ಅವಧಿಗಳನ್ನೂ ಕೂಡಿಸುತ್ತ ಹೋಗಿ, ಸೃಷ್ಟಿಯು ಕ್ರಿಸ್ತಪೂರ್ವ 4004ರ ಅಕ್ಟೋಬರಿನಲ್ಲಿ ಆಯಿತೆಂದು ನಿರ್ಧರಿಸಿದರು. ಇಂದು ಇದನ್ನು ನಗೆಯಾಡುವುದು ಸುಲಭ. ಆದರೆ ತಮಗೆ ದೊರೆತ ದಾಖಲೆಗಳನ್ನು ಅವರು ಶ್ರದ್ಧೆಯಿಂದಲೇ ಕೂಡಿಸಿದ್ದರು. ನಮ್ಮ ಪುರಾಣಗಳ ಕಾಲಗಣನೆ ಇದಕ್ಕೆ ತದ್ವಿರುದ್ಧ: ಅಲ್ಲಿ ಒಂದು ಕಲ್ಪಕ್ಕೆ 432 ಕೋಟಿ ವರ್ಷ. ಸಂಖ್ಯೆಗಳ ಗಾತ್ರ ಎಷ್ಟೇ ಬೇರೆಯಾಗಿರಲಿ, ಎರಡೂ ಬಂಡೆಯನ್ನು ಪರೀಕ್ಷಿಸಿ ಬಂದ ಸಂಖ್ಯೆಗಳಲ್ಲ.

ಬಂಡೆಯನ್ನೇ ದಾಖಲೆಯಂತೆ ಓದಬಹುದೆಂದು ತೋರಿಸಿದವರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಫ್ಲಾರೆನ್ಸಿನಲ್ಲಿ ಕೆಲಸ ಮಾಡಿದ ನಿಕೋಲಸ್ ಸ್ಟೆನೊ ಮುಖ್ಯರು. ನೀರಿನಲ್ಲಿ ಮರಳು, ಕೆಸರು ತಳಕ್ಕಿಳಿದು ಗಟ್ಟಿಯಾಗಿ ಆಗುವ ಪದರು ಪದರಾದ ಬಂಡೆಗೆ ಕಣಶಿಲೆ ಎನ್ನುತ್ತಾರೆ. ಯಾರೂ ಅಲುಗಿಸದಿದ್ದರೆ ಕೆಳಗಿನ ಪದರವೇ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ಅವರು 1669ರಲ್ಲಿ ಬರೆದಿಟ್ಟರು. ಹಳೆಯ ಮನೆಯ ಗೋಡೆಯ ಸುಣ್ಣ ಚಕ್ಕೆಯೆದ್ದಾಗ ಒಳಗೆ ಕಾಣುವ ಹಲವು ಪದರಗಳನ್ನು ನೆನಪಿಸಿಕೊಂಡರೆ ಈ ನಿಯಮ ಸ್ಪಷ್ಟವಾಗುತ್ತದೆ. ಪ್ರತಿ ವರ್ಷ ಹಬ್ಬಕ್ಕೆ ಸುಣ್ಣ ಬಳಿದಿದ್ದರೆ ಪದರಗಳನ್ನು ಎಣಿಸಿ ಗೋಡೆಯ ವಯಸ್ಸು ಹೇಳಬಹುದು. ಸುಣ್ಣ ಬಳಿಯದೆ ಬಿಟ್ಟ ವರ್ಷಗಳು ಎಷ್ಟು ಎಂಬುದನ್ನು ಮಾತ್ರ ಗೋಡೆ ಹೇಳುವುದಿಲ್ಲ. ಈ ಕೊರತೆ ಮುಂದೆ ಭೂವಿಜ್ಞಾನಿಗಳನ್ನು ಬಹಳ ಕಾಡಿತು.

ಸಿಕಾರ್ ಪಾಯಿಂಟ್‌ನ ದಂಡೆಯಲ್ಲಿ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಿಕಾರ್ ಪಾಯಿಂಟ್ ಎಂಬ ಕಲ್ಲಿನ ಚಾಚು ಇದೆ. 1788ರಲ್ಲಿ ಜೇಮ್ಸ್ ಹಟ್ಟನ್ ಎಂಬ ಎಡಿನ್‌ಬರೋದ ವಿದ್ವಾಂಸರು ತಮ್ಮ ಗೆಳೆಯರಾದ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಅವರೊಂದಿಗೆ ದೋಣಿಯಲ್ಲಿ ಅಲ್ಲಿಗೆ ಹೋದರು. ಕೆಳಗೆ ಬೂದು ಬಣ್ಣದ ಬಂಡೆಯ ಪದರಗಳು ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳಂತೆ ನೆಟ್ಟಗೆ ನಿಂತಿದ್ದವು. ಅವುಗಳ ತಲೆಯ ಮೇಲೆ, ಮಲಗಿಸಿಟ್ಟ ಪುಸ್ತಕಗಳಂತೆ, ಕೆಂಪು ಮರಳುಗಲ್ಲಿನ ಪದರಗಳು ಹೆಚ್ಚು ಕಡಿಮೆ ಅಡ್ಡಲಾಗಿ ಹರಡಿದ್ದವು.

ಇದರಲ್ಲಿ ಅಚ್ಚರಿಪಡುವಂಥದ್ದು ಏನಿದೆ ಎಂದು ಅನ್ನಿಸಬಹುದು. ಈ ನೋಟ ಉಂಟಾಗಬೇಕಾದರೆ ಏನೇನು ನಡೆದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ ಅಚ್ಚರಿ ತಿಳಿಯುತ್ತದೆ. ಮೊದಲು ಒಂದು ನೆಲ ಸವೆದು, ಅದರ ಮಣ್ಣು ಕಡಲ ತಳದಲ್ಲಿ ಅಡ್ಡ ಪದರಗಳಾಗಿ ಕೂತು, ಗಟ್ಟಿಯಾಗಿ ಬಂಡೆಯಾಗಬೇಕು. ಆ ಬಂಡೆ ಒತ್ತಡಕ್ಕೆ ಮಡಿಸಿ ನೆಟ್ಟಗಾಗಿ ನೀರಿನಿಂದ ಮೇಲೆದ್ದು ಬರಬೇಕು. ಮಳೆಗಾಳಿಗೆ ಅದರ ತಲೆ ಸವೆದು ಸಮತಟ್ಟಾಗಬೇಕು. ಅದರ ಮೇಲೆ ಮತ್ತೆ ಮರಳು ಪದರಗಳಾಗಿ ಕೂತು ಗಟ್ಟಿಯಾಗಬೇಕು. ಕೊನೆಗೆ ಎಲ್ಲವೂ ಸೇರಿ ನಮ್ಮ ಕಣ್ಣಿಗೆ ಬೀಳುವ ಎತ್ತರಕ್ಕೆ ಬರಬೇಕು. ಇವೆಲ್ಲ ಇಂದು ನದಿಯೊಂದು ದಡವನ್ನು ಕೊರೆಯುವಷ್ಟೇ ನಿಧಾನವಾಗಿ ನಡೆದಿದ್ದರೆ ಎಷ್ಟು ಕಾಲ ಹಿಡಿದೀತು? ಕಾಲದ ಅಷ್ಟು ಆಳಕ್ಕೆ ಇಣುಕಿದಾಗ ತಲೆ ಸುತ್ತಿದಂತಾಯಿತು ಎಂದು ಪ್ಲೇಫೇರ್ ಮುಂದೆ ಬರೆದರು.

ಹಟ್ಟನ್ ಒಂದೇ ಒಂದು ಸಂಖ್ಯೆಯನ್ನೂ ಕೊಡಲಿಲ್ಲ. ಆರಂಭದ ಕುರುಹೂ ಕಾಣುತ್ತಿಲ್ಲ, ಅಂತ್ಯದ ಸೂಚನೆಯೂ ಇಲ್ಲ ಎಂದಷ್ಟೇ ಹೇಳಿದರು. ಆದರೆ ಇಂದು ನಡೆಯುತ್ತಿರುವ ನಿಧಾನ ಕ್ರಿಯೆಗಳಿಂದಲೇ ಹಿಂದಿನದನ್ನು ವಿವರಿಸಬೇಕೆಂಬ ಅವರ ಪಟ್ಟು, 1830ರಿಂದ 1833ರವರೆಗೆ ಪ್ರಕಟವಾದ ಚಾರ್ಲ್ಸ್ ಲೈಯೆಲ್ ಅವರ ಸಂಪುಟಗಳ ಮೂಲಕ ಭೂವಿಜ್ಞಾನದ ಬುನಾದಿಯಾಯಿತು. ನಲ್ಲಿಯ ಧಾರೆ ಬದಲಾಗುವುದಿಲ್ಲ ಎಂಬ ನಂಬಿಕೆ ಹೀಗೆ ಒಂದು ಸಿದ್ಧಾಂತವೇ ಆಯಿತೆನ್ನಬಹುದು.

ಹೂಳಿನ ಲೆಕ್ಕ: ವೀಲ್ಡ್‌ನಿಂದ ಗಂಗೆಗೆ

ಸಂಖ್ಯೆ ಕೊಡುವ ಧೈರ್ಯ ಮಾಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಜೀವವಿಕಾಸದ ಕುರಿತ ತಮ್ಮ 1859ರ ಪುಸ್ತಕದಲ್ಲಿ ಅವರು ಇಂಗ್ಲೆಂಡಿನ ದಕ್ಷಿಣ ಭಾಗದ ವೀಲ್ಡ್ ಎಂಬ ಪ್ರದೇಶವನ್ನು ಉದಾಹರಣೆಗೆ ತೆಗೆದುಕೊಂಡರು. ಅಲ್ಲಿ ಒಂದು ಕಾಲಕ್ಕೆ ಗುಮ್ಮಟದಂತೆ ಉಬ್ಬಿದ್ದ ಸುಣ್ಣಮಯ ಬಂಡೆಯ ನಡುಭಾಗವೆಲ್ಲ ಸವೆದು ಹೋಗಿ, ಅಂಚುಗಳು ಮಾತ್ರ ಗುಡ್ಡಸಾಲುಗಳಾಗಿ ಉಳಿದಿವೆ. ಕಡಲು 500 ಅಡಿ ಎತ್ತರದ ಬಂಡೆಯ ಕಡಿದಾದ ಅಂಚನ್ನು ನೂರು ವರ್ಷಕ್ಕೆ ಒಂದು ಅಂಗುಲದಂತೆ ಕೊರೆಯುತ್ತದೆಂದು ಡಾರ್ವಿನ್ ಭಾವಿಸಿದರು. ವೀಲ್ಡಿನ ಅಗಲ 22 ಮೈಲಿ, ಅಂದರೆ 13,93,920 ಅಂಗುಲ. ನೂರರಿಂದ ಗುಣಿಸಿದರೆ 13,93,92,000 ವರ್ಷ. ಸವೆದುಹೋದ ಬಂಡೆಯ ಸರಾಸರಿ ದಪ್ಪ 500 ಅಡಿಯಲ್ಲ, 1,100 ಅಡಿ. ಆದ್ದರಿಂದ ಇನ್ನೊಮ್ಮೆ 2.2ರಿಂದ ಗುಣಿಸಬೇಕು. ಉತ್ತರ 30,66,62,400 ವರ್ಷ. ಊಹಿಸಿದ ಒಂದು ಅಂಗುಲದಿಂದ ಹೊರಟು ನೂರರ ಸ್ಥಾನದವರೆಗೆ ಖಚಿತವಾಗಿ ಕಾಣುವ ಈ ಸಂಖ್ಯೆ ಕೂಡಲೇ ಟೀಕೆಗೆ ಗುರಿಯಾಯಿತು. 1861ರ ಮೂರನೆಯ ಆವೃತ್ತಿಯಲ್ಲಿ ಡಾರ್ವಿನ್ ಈ ಲೆಕ್ಕವನ್ನೇ ಕೈಬಿಟ್ಟರು.

ಟೀಕಿಸಿದವರಲ್ಲಿ ಆಕ್ಸ್‌ಫರ್ಡಿನ ಭೂವಿಜ್ಞಾನಿ ಜಾನ್ ಫಿಲಿಪ್ಸ್ ಒಬ್ಬರು. ಅವರು ಊಹೆಯ ಬದಲು ಅಳತೆಯನ್ನು ಹುಡುಕಿದರು, ಆ ಅಳತೆ ಅವರಿಗೆ ಸಿಕ್ಕಿದ್ದು ಭಾರತದಲ್ಲಿ. ರೆವರೆಂಡ್ ಎವರೆಸ್ಟ್ ಎಂಬ ಪಾದ್ರಿಯೊಬ್ಬರು 1830ರ ದಶಕದ ಆರಂಭದಲ್ಲಿ ಗಾಜಿಪುರದ ಬಳಿ ಗಂಗೆಯ ನೀರಿನಲ್ಲಿರುವ ಹೂಳನ್ನು ಅಳೆದು, ನದಿ ವರ್ಷಕ್ಕೆ ಸುಮಾರು 637 ಕೋಟಿ ಘನ ಅಡಿ ಮಣ್ಣನ್ನು ಹೊತ್ತೊಯ್ಯುತ್ತದೆಂದು ಲೆಕ್ಕ ಕೊಟ್ಟಿದ್ದರು. ಇಷ್ಟು ಮಣ್ಣನ್ನು ಗಂಗೆಯ ಜಲಾನಯನದ ವಿಸ್ತಾರಕ್ಕೆ ಹಂಚಿದರೆ ನೆಲ ವರ್ಷಕ್ಕೆ ಒಂದು ಅಂಗುಲದ 111ನೇ ಒಂದು ಭಾಗದಷ್ಟು ಸವೆಯುತ್ತದೆ. ಒಂದು ಅಡಿ ಸವೆಯಲು 1,332 ವರ್ಷ ಬೇಕು. ಸವೆದ ಮಣ್ಣು ಅಷ್ಟೇ ವಿಸ್ತಾರದಲ್ಲಿ ಪದರವಾಗಿ ಕೂರುತ್ತದೆಂದು ಇಟ್ಟುಕೊಂಡು, ತಿಳಿದಿದ್ದ ಎಲ್ಲ ಕಣಶಿಲೆಗಳ ಒಟ್ಟು ದಪ್ಪವನ್ನು 72,000 ಅಡಿ ಎಂದು ಎಣಿಸಿ, ಫಿಲಿಪ್ಸ್ 1860ರಲ್ಲಿ ಸುಮಾರು 9.6 ಕೋಟಿ ವರ್ಷಗಳ ಉತ್ತರಕ್ಕೆ ಬಂದರು.

ಆದರೆ ಎಲ್ಲ ನದಿಗಳೂ ಗಂಗೆಯಲ್ಲ. ಹಿಮಾಲಯದಂಥ ಎಳೆಯ, ಕಡಿದಾದ ಪರ್ವತದಿಂದ ಮಳೆಗಾಲದ ರಭಸದಲ್ಲಿ ಇಳಿಯುವ ನದಿಯ ಹೂಳಿಗೂ ಸಮತಟ್ಟು ನೆಲದಲ್ಲಿ ಹರಿಯುವ ನದಿಯ ಹೂಳಿಗೂ ಹೋಲಿಕೆಯಿಲ್ಲ. ಸ್ಕಾಟ್ಲೆಂಡಿನ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕೀ 1892ರಲ್ಲಿ ಇದನ್ನು ಒಪ್ಪಿಕೊಂಡೇ ಲೆಕ್ಕ ಮಾಡಿದರು: ಒಂದು ಅಡಿ ಹೂಳಿಗೆ ಅತಿ ವೇಗವೆಂದರೆ 730 ವರ್ಷ, ಅತಿ ನಿಧಾನವೆಂದರೆ 6,800 ವರ್ಷ, ಒಟ್ಟು ದಪ್ಪ ಒಂದು ಲಕ್ಷ ಅಡಿ. ಹೀಗೆ ಬಂದ ಉತ್ತರ 7.3 ಕೋಟಿಯಿಂದ 68 ಕೋಟಿ ವರ್ಷಗಳ ನಡುವೆ ಎಲ್ಲಿಯಾದರೂ ಇರಬಹುದಾಗಿತ್ತು. ಇದರ ಜೊತೆಗೆ ಸುಣ್ಣ ಬಳಿಯದ ವರ್ಷಗಳ ಸಮಸ್ಯೆ ಇದ್ದೇ ಇತ್ತು. ಸಿಕಾರ್ ಪಾಯಿಂಟಿನಲ್ಲಿ ನಿಂತ ಪದರಕ್ಕೂ ಮಲಗಿದ ಪದರಕ್ಕೂ ನಡುವೆ ಇರುವುದು ಒಂದು ಗೆರೆ ಮಾತ್ರ. ಆ ಗೆರೆಯಲ್ಲಿ ಕಳೆದುಹೋದ ಕಾಲ ಕೋಟ್ಯಂತರ ವರ್ಷಗಳದ್ದೆಂದು ಈಗ ತಿಳಿದಿದೆ.

ಮುದ್ದೆ ಆರುವ ಲೆಕ್ಕ

ಭೂಮಿ ಮೊದಲು ಕಾದ ಗೋಳವಾಗಿತ್ತು, ನಿಧಾನವಾಗಿ ಆರುತ್ತಿದೆ ಎಂಬ ಯೋಚನೆಯಿಂದ ಹೊರಟ ದಾರಿ ಇನ್ನೊಂದು. ಫ್ರಾನ್ಸಿನ ಬಫೊನ್ ತಮ್ಮ ಕಬ್ಬಿಣದ ಕುಲುಮೆಯಲ್ಲಿ ಬೇರೆ ಬೇರೆ ಗಾತ್ರದ ಗುಂಡುಗಳನ್ನು ಕಾಯಿಸಿ, ಕೈಯಲ್ಲಿ ಮುಟ್ಟುವಷ್ಟು ಆರಲು ಎಷ್ಟು ಹೊತ್ತು ಬೇಕೆಂದು ನೋಡಿ, ಅದನ್ನು ಭೂಮಿಯ ಗಾತ್ರಕ್ಕೆ ಹಿಗ್ಗಿಸಿದರು. 1778ರಲ್ಲಿ ಅವರು ಅಚ್ಚು ಹಾಕಿಸಿದ ಉತ್ತರ ಸುಮಾರು 75,000 ವರ್ಷ. ಅವರ ಹಸ್ತಪ್ರತಿಗಳಲ್ಲಿ ಇದಕ್ಕಿಂತ ಬಹಳ ದೊಡ್ಡದಾದ, 30 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋಗುವ ಲೆಕ್ಕವೂ ಇತ್ತು.

ಇದೇ ದಾರಿಯನ್ನು ಗಣಿತದ ಹೆದ್ದಾರಿಯಾಗಿಸಿದವರು ಗ್ಲಾಸ್ಗೋದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ನೆಲದಲ್ಲಿ ಆಳಕ್ಕಿಳಿದಂತೆ ಕಾವು ಏರುತ್ತದೆ ಎಂಬುದು ಗಣಿಗಳಿಂದ ತಿಳಿದಿತ್ತು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕಾರ್ಮಿಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕೆಲ್ವಿನ್ ಸರಾಸರಿಯಾಗಿ 50 ಅಡಿಗೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಕೆ ಎಂದು ತೆಗೆದುಕೊಂಡರು.

ಈ ಏರಿಕೆಯಿಂದ ವಯಸ್ಸು ತಿಳಿಯುವುದು ಹೇಗೆ? ಈಗಷ್ಟೇ ತಟ್ಟೆಗೆ ಬಿದ್ದ ರಾಗಿ ಮುದ್ದೆಯನ್ನು ನೋಡಿ. ಹೊರಮೈ ಬೇಗ ಆರುತ್ತದೆ, ಆದರೆ ಬೆರಳು ಒಂದು ಗೆರೆಯಷ್ಟು ಒಳಗೆ ಹೋದರೂ ಸುಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮುರಿದರೆ, ಬಿಸಿ ಸಿಗಲು ಇನ್ನಷ್ಟು ಒಳಗೆ ಹೋಗಬೇಕು. ಅಂದರೆ ಮೈಯಿಂದ ಒಳಕ್ಕೆ ಬಿಸಿ ಎಷ್ಟು ಕಡಿದಾಗಿ ಏರುತ್ತದೆ ಎಂದು ನೋಡಿಯೇ ಮುದ್ದೆ ಬಡಿಸಿ ಎಷ್ಟು ಹೊತ್ತಾಯಿತೆಂದು ಹೇಳಬಹುದು. ಗಣಿತದಲ್ಲಿ ಇದು ವರ್ಗದ ಸಂಬಂಧ: ಏರಿಕೆ ಅರ್ಧವಾಗಿದ್ದರೆ ಕಳೆದ ಕಾಲ ನಾಲ್ಕು ಪಟ್ಟು. ಭೂಮಿ ಗಟ್ಟಿಯಾದಾಗ 7,000 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಿತ್ತೆಂದು ಇಟ್ಟುಕೊಂಡು, ಬಂಡೆಯಲ್ಲಿ ಶಾಖ ಹರಿಯುವ ವೇಗವನ್ನು ಅಳೆದು ಸೇರಿಸಿ, 1862ರಲ್ಲಿ ಕೆಲ್ವಿನ್ 9.8 ಕೋಟಿ ವರ್ಷವೆಂಬ ಉತ್ತರ ಪಡೆದರು. ಅಳತೆಗಳ ಅನಿಶ್ಚಿತತೆಯನ್ನು ಗಮನಿಸಿ 2 ಕೋಟಿಯಿಂದ 40 ಕೋಟಿಯವರೆಗೆ ಇರಬಹುದೆಂದೂ ಸೇರಿಸಿದರು. 1897ರ ಹೊತ್ತಿಗೆ ಅವರು ಇದನ್ನು 2ರಿಂದ 4 ಕೋಟಿಗೆ ಇಳಿಸಿದ್ದರು.

ಜೀವವಿಕಾಸಕ್ಕೆ ಇಷ್ಟು ಕಾಲ ಏನೇನೂ ಸಾಲದು. ಕೆಲ್ವಿನ್ ಅವರ ಲೆಕ್ಕ ಡಾರ್ವಿನ್ನರನ್ನು ಕೊನೆಯವರೆಗೂ ಚಿಂತೆಗೆ ಈಡುಮಾಡಿತು. ಡಾರ್ವಿನ್ನರ ಬೆಂಬಲಕ್ಕೆ ನಿಂತ ಥಾಮಸ್ ಹಕ್ಸ್‌ಲೀ 1869ರಲ್ಲಿ ಕೊಟ್ಟ ಹೋಲಿಕೆ ಹಿಟ್ಟಿನ ಗಿರಣಿಯದು: ಗಣಿತವೆಂಬ ಗಿರಣಿ ಎಷ್ಟು ನಯವಾಗಿ ಬೇಕಾದರೂ ಬೀಸಿಕೊಡುತ್ತದೆ, ಆದರೆ ಬಟಾಣಿಯ ಸಿಪ್ಪೆ ಹಾಕಿದರೆ ಅದರಿಂದ ಗೋಧಿಹಿಟ್ಟು ಬರುವುದಿಲ್ಲ.

ಕಡಲ ಉಪ್ಪು

ನದಿಗಳು ಬಂಡೆಯಿಂದ ಕರಗಿಸಿ ತಂದ ಉಪ್ಪು ಕಡಲಿನಲ್ಲಿ ಶೇಖರವಾಗುತ್ತದೆ, ಆದ್ದರಿಂದ ಉಪ್ಪಿನಿಂದ ಕಾಲವನ್ನು ಅಳೆಯಬಹುದು ಎಂಬ ಸೂಚನೆಯನ್ನು ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1715ರಲ್ಲೇ ಕೊಟ್ಟಿದ್ದರು. ಅದನ್ನು ನಿಜವಾಗಿ ಲೆಕ್ಕ ಹಾಕಿದವರು ಡಬ್ಲಿನ್ನಿನ ಜಾನ್ ಜಾಲಿ. ಕಡಲಿನಲ್ಲಿರುವ ಒಟ್ಟು ಸೋಡಿಯಂ ಅನ್ನು ನದಿಗಳು ವರ್ಷಕ್ಕೆ ತರುವ ಸೋಡಿಯಂನಿಂದ ಭಾಗಿಸಿ, 1899ರಲ್ಲಿ ಅವರು 8ರಿಂದ 9 ಕೋಟಿ ವರ್ಷ ಎಂದರು.

ಇಲ್ಲಿಯ ತಪ್ಪನ್ನು ಬಸ್ ನಿಲ್ದಾಣವೊಂದು ಚೆನ್ನಾಗಿ ವಿವರಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಒಂದು ಹೊತ್ತಿನಲ್ಲಿ ನಿಂತಿರುವವರನ್ನೆಲ್ಲ ಎಣಿಸಿ, ಗಂಟೆಗೆ ಎಷ್ಟು ಜನ ಒಳಬರುತ್ತಾರೋ ಅದರಿಂದ ಭಾಗಿಸಿದರೆ ನಿಲ್ದಾಣ ಕಟ್ಟಿ ಎಷ್ಟು ಕಾಲವಾಯಿತು ಎಂಬುದು ಸಿಗುವುದಿಲ್ಲ. ಒಬ್ಬ ಪ್ರಯಾಣಿಕ ಸರಾಸರಿ ಎಷ್ಟು ಹೊತ್ತು ಕಾಯುತ್ತಾನೆ ಎಂಬುದು ಸಿಗುತ್ತದೆ. ಏಕೆಂದರೆ ಜನ ಬಂದಂತೆ ಹೋಗುತ್ತಲೂ ಇರುತ್ತಾರೆ. ಸೋಡಿಯಂ ಕೂಡ ಕಡಲಿನಲ್ಲೇ ಉಳಿಯುವುದಿಲ್ಲ. ಅಲೆಗಳ ಸಿಂಪಡಿಕೆಯೊಂದಿಗೆ ಗಾಳಿಯಲ್ಲಿ ನೆಲಕ್ಕೆ ಮರಳುತ್ತದೆ, ಬತ್ತಿದ ಕೊಲ್ಲಿಗಳಲ್ಲಿ ಉಪ್ಪಿನ ಪದರವಾಗಿ ಹೂತುಹೋಗುತ್ತದೆ, ಕಡಲ ತಳದ ಬಂಡೆಯೊಂದಿಗೆ ಸೇರಿಕೊಳ್ಳುತ್ತದೆ. ತೊಟ್ಟಿ ಸೋರುತ್ತಿತ್ತು. ಗಾಳಿಯ ಮೂಲಕ ಮರಳುವ ಉಪ್ಪಿಗೆ ಜಾಲಿ ಸ್ವಲ್ಪ ವಿನಾಯಿತಿ ಕೊಟ್ಟಿದ್ದರು, ಅದು ಸಾಲಲಿಲ್ಲ.

ಗಮನಿಸಬೇಕಾದ ವಿಷಯವೊಂದಿದೆ. ಫಿಲಿಪ್ಸ್ ಅವರ ಹೂಳು 9.6 ಕೋಟಿ, ಕೆಲ್ವಿನ್ ಅವರ ಕಾವು 9.8 ಕೋಟಿ, ಜಾಲಿಯವರ ಉಪ್ಪು 8ರಿಂದ 9 ಕೋಟಿ. ಮೂರು ಬೇರೆ ಗಡಿಯಾರಗಳು ಹೆಚ್ಚು ಕಡಿಮೆ ಒಂದೇ ಹೊತ್ತು ತೋರಿಸುತ್ತಿದ್ದುದರಿಂದ ಸುಮಾರು ಹತ್ತು ಕೋಟಿ ಎಂಬ ಉತ್ತರ ಆ ಕಾಲದ ಅನೇಕರಿಗೆ ಗಟ್ಟಿಯಾಗಿ ಕಂಡಿತು. ಮೂರೂ ತಪ್ಪಾಗಿದ್ದವು, ಒಂದೊಂದೂ ಬೇರೆ ಬೇರೆ ಕಾರಣಕ್ಕೆ.

ಮುದ್ದೆಯಲ್ಲ, ಸಾರು

ಕೆಲ್ವಿನ್ ಅವರ ತಪ್ಪು ಏನೆಂಬುದರ ಬಗ್ಗೆ ಸಾಮಾನ್ಯವಾಗಿ ಹೇಳುವ ಕತೆ ಪೂರ್ತಿ ಸರಿಯಲ್ಲ. ಹೆನ್ರಿ ಬೆಕೆರೆಲ್ 1896ರಲ್ಲಿ ವಿಕಿರಣಶೀಲತೆಯನ್ನು ಕಂಡುಹಿಡಿದರು; 1903ರಲ್ಲಿ ಪಿಯರ್ ಕ್ಯೂರಿ ಮತ್ತು ಆಲ್ಬರ್ಟ್ ಲಬೋರ್ಡ್ ರೇಡಿಯಂ ತಾನಾಗಿ ಶಾಖ ಬಿಡುತ್ತಲೇ ಇರುತ್ತದೆಂದು ತೋರಿಸಿದರು. ಭೂಮಿಯೊಳಗೆ ಹೊಸ ಶಾಖ ಹುಟ್ಟುತ್ತಿದ್ದರೆ ಆರುವ ಲೆಕ್ಕ ಕೆಡುತ್ತದೆ ಎಂಬುದು ಆ ಕತೆ. 1904ರಲ್ಲಿ ಲಂಡನ್ನಿನಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಈ ವಿಷಯವಾಗಿ ಉಪನ್ಯಾಸ ಮಾಡಿದಾಗ ವೃದ್ಧ ಕೆಲ್ವಿನ್ ಸಭೆಯಲ್ಲಿದ್ದರು. ಹೊಸ ಶಾಖದ ಮೂಲ ಸಿಗದಿದ್ದರೆ ಮಾತ್ರ ತಮ್ಮ ಲೆಕ್ಕ ಸರಿಯೆಂದು ಕೆಲ್ವಿನ್ ಮೊದಲೇ ಎಚ್ಚರಿಸಿದ್ದರೆಂದು ತಾವು ಹೇಳಿದ ಕೂಡಲೇ ಹಿರಿಯರ ಮುಖ ಅರಳಿತೆಂದು ರುದರ್‌ಫೋರ್ಡ್ ನೆನಪಿಸಿಕೊಂಡಿದ್ದಾರೆ.

ಆದರೆ ವಿಕಿರಣಶೀಲತೆಯ ಶಾಖವನ್ನು ಕೆಲ್ವಿನ್ ಅವರ ಲೆಕ್ಕಕ್ಕೆ ಸೇರಿಸಿದರೂ ಉತ್ತರ ಅಷ್ಟೇನೂ ಬದಲಾಗುವುದಿಲ್ಲ. ನಿಜವಾದ ದೋಷವನ್ನು 1895ರಲ್ಲೇ ಬೆರಳಿಟ್ಟು ತೋರಿಸಿದವರು ಕೆಲ್ವಿನ್ ಅವರ ಹಿಂದಿನ ಸಹಾಯಕ ಜಾನ್ ಪೆರಿ. ಮುದ್ದೆಯಲ್ಲಿ ಶಾಖ ಕಣದಿಂದ ಕಣಕ್ಕೆ ದಾಟುತ್ತ ಹೊರಬರುತ್ತದೆ, ಇದು ವಹನ. ಒಲೆಯಿಂದ ಇಳಿಸಿದ ಸಾರಿನಲ್ಲಿ ಬಿಸಿ ಭಾಗವೇ ಮೇಲೇರಿ ಬರುತ್ತದೆ, ಇದು ಸಂವಹನ. ಹೀಗೆ ಒಳಗಿನ ಬಿಸಿ ಮೇಲಕ್ಕೆ ಬರುತ್ತಲೇ ಇರುವಾಗ, ಮೇಲಿನ ತೆಳುವಾದ ಕೆನೆಯ ಕೆಳಗೆ ಬಹಳ ಹೊತ್ತಿನ ನಂತರವೂ ಕಾವು ಕಡಿದಾಗಿಯೇ ಇರುತ್ತದೆ. ಭೂಮಿಯ ಒಳಭಾಗದಲ್ಲಿ ಶಾಖ ಸುಲಭವಾಗಿ ಹರಿದಾಡುತ್ತಿದ್ದರೆ, ಅದೇ ಗಣಿಗಳ ಅದೇ ಅಳತೆಗಳಿಂದ 200–300 ಕೋಟಿ ವರ್ಷಗಳ ಉತ್ತರವೂ ಬರಬಹುದೆಂದು ಪೆರಿ ತೋರಿಸಿದರು. ಗಟ್ಟಿ ಬಂಡೆ ಹರಿಯುವುದೆಂದರೇನು ಎಂಬ ಸಂಶಯಕ್ಕೆ ಡಾಂಬರು ಉತ್ತರ ಕೊಡುತ್ತದೆ: ತಣ್ಣಗಿರುವಾಗ ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ, ಸುಮ್ಮನೆ ಬಿಟ್ಟರೆ ನಿಧಾನವಾಗಿ ಹರಡುತ್ತದೆ. ಭೂಮಿಯ ಒಳಕವಚದ ಬಿಸಿ ಬಂಡೆಯೂ ಲಕ್ಷಾಂತರ ವರ್ಷಗಳ ಅಳತೆಯಲ್ಲಿ ಹಾಗೆಯೇ ಹರಿಯುತ್ತದೆ. ಪೆರಿಯವರ ಮಾತಿಗೆ ಆಗ ಹೆಚ್ಚಿನ ಬೆಲೆ ಸಿಗಲಿಲ್ಲ.

ಬಂಡೆಯೊಳಗಿನ ಗಡಿಯಾರ

ವಿಕಿರಣಶೀಲತೆಯ ದೊಡ್ಡ ಕೊಡುಗೆ ಶಾಖವಲ್ಲ, ಗಡಿಯಾರ. ಯುರೇನಿಯಂನ ಪರಮಾಣುಗಳು ಒಡೆದು ಕೊನೆಗೆ ಸೀಸವಾಗುತ್ತವೆ. ಅದರ ಮುಖ್ಯ ಬಗೆಯಲ್ಲಿ ಅರ್ಧದಷ್ಟು ಹೀಗೆ ಬದಲಾಗಲು ಸುಮಾರು 447 ಕೋಟಿ ವರ್ಷ ಬೇಕು. ಮಳೆ, ಬಿಸಿಲು, ಭೂಮಿಯೊಳಗಿನ ಒತ್ತಡ ಯಾವುದಕ್ಕೂ ಈ ವೇಗ ಜಗ್ಗುವುದಿಲ್ಲ. ಇಷ್ಟು ದಿನ ಹುಡುಕಿದ, ಧಾರೆ ಬದಲಾಗದ ನಲ್ಲಿ ಇದು. ಅಮೆರಿಕದ ಬರ್ಟ್ರಮ್ ಬೋಲ್ಟ್‌ವುಡ್ 1907ರಲ್ಲಿ ಹೀಗೆ ಅಳೆದ ಖನಿಜಗಳು 41 ಕೋಟಿಯಿಂದ 220 ಕೋಟಿ ವರ್ಷಗಳ ವಯಸ್ಸು ತೋರಿಸಿದವು. ಇಂಗ್ಲೆಂಡಿನ ಆರ್ಥರ್ ಹೋಮ್ಸ್ 1911ರಿಂದ ಈ ವಿಧಾನವನ್ನು ತಿದ್ದಿ ಬೆಳೆಸಿದರು. ಅಮೆರಿಕದ ಕ್ಲೇರ್ ಪ್ಯಾಟರ್‌ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು 1956ರಲ್ಲಿ ಪ್ರಕಟಿಸಿದ 455 ಕೋಟಿ ವರ್ಷಗಳ ಅಂಕಿ ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ.

ಲಾಲ್‌ಬಾಗಿನ ಬಂಡೆಯ ಮುಂದೆ ಹಟ್ಟನ್ ಆಗಲಿ ಫಿಲಿಪ್ಸ್ ಆಗಲಿ ನಿಂತಿದ್ದರೆ ಅವರ ವಿಧಾನಗಳು ಅಲ್ಲಿ ನಡೆಯುತ್ತಿರಲಿಲ್ಲ. ಅದು ಹೂಳು ಕೂತು ಆದ ಪದರಗಳ ಬಂಡೆಯಲ್ಲ. ಆಳದ ಕಾವು ಮತ್ತು ಒತ್ತಡದಲ್ಲಿ ರೂಪ ಬದಲಿಸಿದ, ಪಳೆಯುಳಿಕೆಗಳಿಲ್ಲದ ನೈಸ್ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಬಗೆಯ ಬಂಡೆಗೆ ಪೆನಿನ್ಸುಲರ್ ನೈಸ್ ಎಂಬ ಹೆಸರಿಟ್ಟರು.

ಇನ್ನು ಡಾರ್ವಿನ್ ಕೈಬಿಟ್ಟ ಆ ಸಂಖ್ಯೆ. ವೀಲ್ಡಿನ ಸುಣ್ಣಮಯ ಬಂಡೆ ಕಡಲ ತಳದಲ್ಲಿ ಕೂರಲು ತೊಡಗಿದ್ದೇ ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಎಂದು ಈಗ ತಿಳಿದಿದೆ. ಆದ್ದರಿಂದ ಅದು ಸವೆಯಲು ಮೂವತ್ತು ಕೋಟಿ ವರ್ಷ ಹಿಡಿದಿರಲು ಸಾಧ್ಯವೇ ಇರಲಿಲ್ಲ. ವೀಲ್ಡಿನ ಮಟ್ಟಿಗೆ ಟೀಕಾಕಾರರೇ ಸರಿ. ಆದರೆ ಅತಿ ದೊಡ್ಡದೆಂದು ಅವರು ತಳ್ಳಿಹಾಕಿದ 30,66,62,400 ವರ್ಷಗಳನ್ನು ಹದಿನೈದರಿಂದ ಗುಣಿಸಿದರೆ ಭೂಮಿಯ ವಯಸ್ಸಿನ ಹತ್ತಿರಕ್ಕೆ ಬರುತ್ತೇವೆ.